ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ

ನನ್ನ ಗಂಡ ಕೊಕ್ಕರ್ಣೆಗೆ ಅಡುಗೆಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ನನ್ನ ಎಡಗಾಲು ಅವರ ತೊಡೆಯ ಮೇಲಿತ್ತು. ಅತ್ತೆ ಊಟ ಮುಗಿಸಿ ಒಳಗೆ ಮಲಗಿದ್ದರು. ಹಿಂದಿನ ಜಗಲಿಯಲ್ಲಿ ನಾವಿಬ್ಬರೇ. ಇವರು ಮುರುಗಲ ತುಪ್ಪದ ಗಟ್ಟಿಯನ್ನು ಕೆಂಡದ ಹತ್ತಿರ ಹಿಡಿದು, ಅದು ಬೆವರಿದ ಹಾಗೆ ಆದ ಕೂಡಲೇ ನನ್ನ ಹಿಮ್ಮಡಿಯ ಒಡಕಿಗೆ ಒತ್ತುತ್ತಿದ್ದರು. ಬಿಸಿ ತಾಗಿದಾಗ ನಾನು ಕಾಲು ಎಳೆದುಕೊಳ್ಳುವುದು, ಅವರು ಹಿಡಿದು ಮತ್ತೆ ತೊಡೆಗೆ ತರುವುದು.

"ಎಳಿಬ್ಯಾಡ ಮಾರಾಯ್ತಿ. ಈ ಹಿಮ್ಮಡಿಯಂಗೆ ನಾಳಿಗೆ ಕಾಯಿ ಹೆರಿಲಕ್ಕ್. ಹೆರೆಮಣೆ ಹೊತ್ಕಂಡ್ ಹೋಪ್ದ್ ತಪ್ಪತ್ತ್."

"ಹ್ವಾಯ್, ಹಾಂಗಾರೆ ನನ್ನೇ ಕರ್ಕಂಡ್ ಹೋಯ್ನಿ."

"ಕರ್ಕಂಡ್ ಹೋಪ್ಲಕ್ಕ್. ಊಟ ಕಾಲಿಗ್ ಮಾತ್ರ, ಬಾಯಿಗಿಲ್ಲೆ."

ನಾನು ನಕ್ಕೆ. ಒಳಗೆ ಅತ್ತೆ ಕೆಮ್ಮಿದರು. ನನ್ನ ಕಾಲು ಸೀರೆಯೊಳಗೆ ಹೋಯಿತು; ಇವರು ಪಕ್ಕದಲ್ಲಿದ್ದ ಸೌಟನ್ನು ಎತ್ತಿಕೊಂಡು ತುಂಬ ಗಂಭೀರವಾಗಿ ತಿಕ್ಕತೊಡಗಿದರು. ಗಂಡ ಹೆಂಡತಿಯ ಕಾಲು ಮುಟ್ಟುವುದು ನಮ್ಮಲ್ಲಿ ನಾಲ್ಕು ಜನರಿಗೆ ಹೇಳಿಕೊಳ್ಳುವ ವಿಷಯವಲ್ಲ. ಕೆಮ್ಮು ನಿಂತಿತು. ಸೌಟು ಕೆಳಗೆ ಬಂತು, ಕಾಲು ಹೊರಗೆ ಬಂತು. ಎರಡೂ ಕಾಲಿಗೆ ಹಚ್ಚಿ ಮುಗಿಸಿದರು.

ಅದು ನನ್ನ ಬದುಕಿನ ಕೊನೆಯ ಮಾಮೂಲಿ ಮಧ್ಯಾಹ್ನ. ಇದನ್ನು ಬರೆಯುವಾಗ ಅಳು ಬರಬೇಕಿತ್ತು. ನನಗೆ ಬರುವುದು ಸಿಟ್ಟು.

ಇಷ್ಟಕ್ಕೂ ನಾನು ಬರೆಯಲು ಕೂತದ್ದು ಬೆಲ್ಲದ ದೆಸೆಯಿಂದ. ಮೊನ್ನೆ ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಕಾಗದ ಯಾವುದೋ ವಾರಪತ್ರಿಕೆಯ ಹಾಳೆ. ನನಗೆ ಓದು ಐದನೇ ತರಗತಿಯವರೆಗೆ. ಹಾಗಾಗಿ ಅಂಗಡಿಯ ಕಾಗದವನ್ನೂ ಬಿಡದೆ ಓದುತ್ತೇನೆ. ಅದರಲ್ಲಿ ಚಳಿಗಾಲದಲ್ಲಿ ಒಣ ಚರ್ಮವನ್ನು ಮೃದುವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಯಾರೋ ಸಹೋದರಿ ಬರೆದಿದ್ದರು. ಹಾಲಿನ ಕೆನೆ ಹಚ್ಚಿರಿ. ಸಾಬೂನು ಬಿಟ್ಟು ಕಡಲೆಹಿಟ್ಟು ಬಳಸಿರಿ. ಉಗುರು ಬೆಚ್ಚಗಿನ ನೀರಿನಲ್ಲಿ ಪಾದಗಳನ್ನು ಅದ್ದಿ, ಒರೆಸಿ, ಎಣ್ಣೆ ಸವರಿರಿ. ಗೃಹಿಣಿಯರು ತಮ್ಮ ಬಗ್ಗೆ ಉದಾಸೀನ ಮಾಡಬಾರದು.

ಉದಾಸೀನ! ಆ ಕಾಗದವನ್ನು ಮುದ್ದೆ ಮಾಡಿ ಒಲೆಗೆ ಹಾಕಿದೆ. ಬೆಲ್ಲ ಮೆತ್ತಿದ ಕಾಗದ, ಸುಲಭಕ್ಕೆ ಉರಿಯಲಿಲ್ಲ, ಅದಕ್ಕೂ ಬೈದೆ. ಆ ಸಹೋದರಿ ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಕೆನೆ ಹಚ್ಚಿದರೆ ಮೈ ಮೆತ್ತಗಾಗುವುದು ನಿಜ. ಕಡಲೆಹಿಟ್ಟೂ ನಿಜ. ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿದ ಗೊಂಪು ಅದಕ್ಕಿಂತ ಒಳ್ಳೆಯದು ಎಂದು ಅವರಿಗೆ ಗೊತ್ತಿಲ್ಲದಿದ್ದರೆ ಅದೂ ತಪ್ಪಲ್ಲ. ಆದರೆ ಹಚ್ಚಿಕೊಳ್ಳಬೇಕು ಎಂದು ಮನಸ್ಸಾದರೆ ಸಾಕು, ಡಬ್ಬಿ ತೆಗೆದು ಹಚ್ಚಿಕೊಳ್ಳಬಹುದು ಅಂದುಕೊಂಡಿದ್ದಾರಲ್ಲ, ಅದು ನನ್ನನ್ನು ಕೆರಳಿಸಿತು.

ನನ್ನ ತವರು ಗುಲ್ವಾಡಿ. ಹೊಳೆಯ ಬದಿಯ ಊರು. ಅಲ್ಲಿನ ಗದ್ದೆಯ ಕೆಸರಿನಲ್ಲಿ ಓಡಾಡಿದ ಕಾಲು ಬೆಣ್ಣೆಯ ಹಾಗೆ ಇರುತ್ತಿತ್ತು ಎಂದು ನಾನು ಹೇಳುತ್ತೇನೆ; ನನ್ನ ಅಮ್ಮ ಕೇಳಿದ್ದರೆ ನಗುತ್ತಿದ್ದಳು. ಐವತ್ತಾರರಲ್ಲಿ ನನಗೆ ಮದುವೆಯಾಯಿತು. ಅದೇ ವರ್ಷ ನಮ್ಮ ಜಿಲ್ಲೆಯೂ ಮದ್ರಾಸಿನ ಮನೆ ಬಿಟ್ಟು ಮೈಸೂರಿನ ಮನೆ ಸೇರಿತು. ಜಿಲ್ಲೆಗೆ ಏನು ಅನುಭವವಾಯಿತೋ ನನಗೆ ತಿಳಿಯದು. ನನಗಂತೂ ಮೊದಲ ಚಳಿಗೇ ಕಾಲು ಒಡೆಯಿತು.

ಗಂಡನ ಮನೆ ಕೋಟದ ಕಡೆ, ಕಡಲಿಗೆ ಹತ್ತಿರ. ಮರಳು ಭೂಮಿ. ಬೆಳಿಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ, ಸಂಜೆ ಕಡಲಿನ ಉಪ್ಪು ಗಾಳಿ. ನಡುವೆ ಸಿಕ್ಕಿಕೊಂಡ ಮನುಷ್ಯರ ಮೈ ಹಪ್ಪಳ. ತುಟಿಗೆ ಬೆಣ್ಣೆ, ಕೈಗೆ ತೆಂಗಿನೆಣ್ಣೆ ಹಚ್ಚಿದರೆ ಸುಧಾರಿಸುತ್ತಿತ್ತು. ಹಿಮ್ಮಡಿ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಬಾವಿಯಿಂದ ನೀರು ತರುವಾಗ ನಾನು ತುದಿಗಾಲಿನಲ್ಲಿ ನಡೆಯುತ್ತಿದ್ದೆ. ಹೊಸ ಸೊಸೆ ಭಾರೀ ನಾಜೂಕು, ಕುಣಿಯುತ್ತಾ ನಡೆಯುತ್ತಾಳೆ ಎಂದು ಕೇರಿಯಲ್ಲಿ ಮಾತಾಯಿತು.

ಇವರಿಗೆ ಮಾತ್ರ ವಿಷಯ ತಿಳಿಯಿತು. ಇವರು ಊಟದ ಮನೆಗಳಿಗೆ ಅಡುಗೆಗೆ ಹೋಗುವವರು. ಅನ್ನ ಬೆಂದಿದೆಯೇ ಎಂದು ಆವಿಯ ವಾಸನೆಯಲ್ಲಿ ಹೇಳುವವರಿಗೆ ಹೆಂಡತಿಯ ಕಾಲು ನೋಯುತ್ತಿದೆ ಎಂದು ತಿಳಿಯುವುದು ಕಷ್ಟವೇ? ಆ ಬೇಸಿಗೆಯಲ್ಲಿ ಕೆರಾಡಿಯಲ್ಲಿ ಒಂದು ಮದುವೆ. ಕಾಡಿನ ಅಂಚಿನ ಊರು, ಮುರುಗಲ ಮರಗಳು ಬೇಕಾದಷ್ಟು. ತೆಂಕು ಕಡೆಯವರು ಪುನರ್ಪುಳಿ ಅನ್ನುವ ಹಣ್ಣು ಅದೇ. ಮದುವೆಗೆ ಬಂದವರಿಗೆಲ್ಲ ಅದರ ಪಾನಕ. ಹಿಂಡಿದ ಮೇಲೆ ಬೀಜವನ್ನು ಬಾಳೆಯ ಬುಡಕ್ಕೆ ಎಸೆಯುತ್ತಿದ್ದರಂತೆ. ಇವರು ಅದನ್ನೆಲ್ಲ ತೊಳೆದು ಪಂಚೆಯಲ್ಲಿ ಗಂಟು ಕಟ್ಟಿಕೊಂಡು ಬಂದರು. ಬೇರೆ ಅಡುಗೆಯವರು ಮದುವೆ ಮನೆಯಿಂದ ಲಾಡು ತರುತ್ತಾರೆ. ನನ್ನ ಗಂಡ ಎಸೆಯುವ ಬೀಜ ತಂದರಲ್ಲ ಎಂದು ನನಗೆ ಮೊದಲು ಬೇಸರವೇ ಆಯಿತು.

ಬೀಜವನ್ನು ಚೆನ್ನಾಗಿ ಒಣಗಿಸಬೇಕು. ಮೇಲಿನ ಸಿಪ್ಪೆ ಒಡೆದು, ಒಳಗಿನ ತಿರುಳನ್ನು ಒರಳಿನಲ್ಲಿ ಜಜ್ಜಿ, ತುಂಬಾ ನೀರು ಹಾಕಿ ಕುದಿಸಬೇಕು. ಕುದಿ ಕುದಿಯುತ್ತಾ ಮೇಲೆ ಎಣ್ಣೆ ತೇಲುತ್ತದೆ. ಅದನ್ನು ಸೌಟಿನಲ್ಲಿ ತೆಗೆದು ತಣಿಯಲು ಇಟ್ಟರೆ ಹೆಪ್ಪುಗಟ್ಟುತ್ತದೆ. ಆಮೇಲೆ ಅಂಗೈಯಲ್ಲಿ ಒತ್ತಿ ಗಟ್ಟಿ ಕಟ್ಟುವುದು. ಮಾಸಲು ಬಿಳಿ ಬಣ್ಣ, ವಾಸನೆ ಹೆಚ್ಚಿಲ್ಲ. ಒಡಕಿನೊಳಗೆ ಇಳಿದು ಕೂತರೆ ನಾಲ್ಕು ದಿನದಲ್ಲಿ ಚರ್ಮ ಕೂಡಿಕೊಳ್ಳುತ್ತದೆ. ಎಲ್ಲ ಮಾಡಿಕೊಟ್ಟವರು, ಮೊದಲ ದಿನ ಹಚ್ಚಿಯೂ ತೋರಿಸಿದರು. ತೋರಿಸುವುದು ಒಂದು ದಿನಕ್ಕೆ ಮುಗಿಯಬೇಕಿತ್ತು. ಹನ್ನೆರಡು ವರ್ಷ ತೋರಿಸಿದರು.

ಈ ಗಟ್ಟಿಯಿಂದ ಒಮ್ಮೆ ಮನೆಯಲ್ಲಿ ರಂಪವಾಯಿತು. ಮೈದುನ ಬೊಂಬಾಯಿಯಲ್ಲಿ ಹೋಟೆಲಿನಲ್ಲಿ ಇದ್ದವನು ರಜೆಗೆ ಬಂದಿದ್ದ. ಬಚ್ಚಲಿಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ಒಳಗಿನಿಂದ ಕೂಗು.

"ಅತ್ಗೀ, ಇದೆಂತ ಸಾಬೂನ್! ಆಗಳಿಂದ ತಿಕ್ತಾ ಇದ್ದೆ, ಒಂದ್ ಚೂರೂ ನೊರೆ ಬತ್ತಿಲ್ಲೆ!"

ಇವರು ಜಗಲಿಯಿಂದಲೇ ಹೇಳಿದರು: "ತಿಕ್ಕ್ ತಿಕ್ಕ್. ನೊರೆ ಬಪ್ಪುಕೆ ನೀ ಪುಣ್ಯ ಮಾಡಿರ್ಕ್."

ಅವನು ಹೊರಬಂದಾಗ ಆಗಷ್ಟೇ ಬಲೆಯಿಂದ ತೆಗೆದ ಮೀನು. ಎರಡು ದಿನ ಮರದ ಕುರ್ಚಿಯಲ್ಲಿ ಕೂರಲು ಆಗಲಿಲ್ಲ, ಜಾರುತ್ತಿದ್ದ. ಮುಂದಿನ ಸಲ ಬರುವಾಗ ನನಗೆ ಬೊಂಬಾಯಿಯಿಂದ ಮುಖಕ್ಕೆ ಹಚ್ಚುವ ಸ್ನೋ ಡಬ್ಬಿ ತಂದುಕೊಟ್ಟ. ಅದನ್ನು ಹಚ್ಚಿಕೊಂಡು ಹಾಲು ಕರೆಯಲು ಹೋದೆ. ಹಸು ಮೂಸಿ ನೋಡಿ ಒದೆಯಿತು.

ನಗುತ್ತಾ ಬರೆದೆ. ಮುಂದಿನದನ್ನು ಹಾಗೆ ಬರೆಯಲು ಬರುವುದಿಲ್ಲ.

ಕೊಕ್ಕರ್ಣೆಯಲ್ಲಿ ಉಪನಯನದ ಊಟ. ಪಾಯಸ ತೊಳಸುತ್ತಿದ್ದವರಿಗೆ ಎದೆ ನೋವು ಬಂತು. ಚಪ್ಪರದ ಹಿಂದೆ ಚಾಪೆ ಹಾಸಿ ಮಲಗಿಸಿದರು. ಆಗಲೇ ಎಲೆ ಹಾಕಿ ಆಗಿತ್ತು. ಡಾಕ್ಟರನ್ನು ಕರೆಸುತ್ತೇವೆ ಎಂದು ಮನೆಯವರು ಹೇಳಿದರೆ, ಬೇಡ, ಊಟ ಮುಗಿಯಲಿ, ಗಡಿಬಿಡಿ ಮಾಡಬೇಡಿ ಎಂದು ಇವರೇ ಹೇಳಿದರಂತೆ. ಅವರೂ ಒಪ್ಪಿದರಂತೆ. ಮಲಗಿದಲ್ಲಿಂದಲೇ ಬೆಲ್ಲ ಎಷ್ಟು ಹಾಕಬೇಕು ಎಂದು ಹೇಳಿದರಂತೆ. ಮೂರನೇ ಪಂಕ್ತಿ ಎದ್ದ ಮೇಲೆ ಯಾರೋ ಬಂದು ನೋಡಿದರು. ಆಗ ಹೇಳುವವರು ಇರಲಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಜೊತೆಗೆ ಹೋಗಿದ್ದ ಅಡುಗೆಯವರು. ಕೇಳಿ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಊಟ ಮಾಡಿದವರ ಮೇಲೆಯೇ? ಬಡಿಸಿದವರ ಮೇಲೆಯೇ? ಒಬ್ಬ ಮನುಷ್ಯ ಬೆವರುತ್ತಾ ಮಲಗಿರುವಾಗ ಅವನ ಮಾತು ನಂಬಿ ಅನ್ನ ಬಡಿಸುತ್ತಾ ಹೋದ ಆ ಮನೆಯವರ ಮೇಲೆಯೇ? ಎಲ್ಲರ ಮೇಲೂ ಮಾಡಿದೆ. ಎಲ್ಲರಿಗಿಂತ ಹೆಚ್ಚು ಇವರ ಮೇಲೆ. ಯಾರದ್ದೋ ಮನೆಯ ಪಾಯಸ ತಳ ಹಿಡಿಯಬಾರದು ಎಂದು ನನ್ನನ್ನು ಬಿಟ್ಟು ಹೋಗುವುದೇ? ಆ ಉಪನಯನಕ್ಕೆ ಹೋಗಿದ್ದ ಒಬ್ಬರು ಸಾಂತ್ವನ ಹೇಳಲು ಬಂದವರು, ಮಾತು ತೋಚದೆ ಅಂದರು: "ಪಾಯ್ಸ ಮಾತ್ರ ಭಾರೀ ಲಾಯ್ಕಾಯಿತ್ತ್ ಕಾಣಿ." ಅವರು ಒಳ್ಳೆಯವರು. ಅವರ ಮುಖ ಕಂಡರೆ ನಾನು ಇಂದಿಗೂ ದಾರಿ ಬದಲಿಸುತ್ತೇನೆ.

ಸೂತಕದ ದಿನಗಳಲ್ಲಿ ಮನೆಯವರು ಯಾರೂ ಎಣ್ಣೆ ಮುಟ್ಟುವಂತಿಲ್ಲ. ಅದರಲ್ಲಿ ನನಗೆ ದೂರು ಇಲ್ಲ. ಕಾಲು ಇದೆ ಎನ್ನುವುದೇ ನನಗೆ ಆಗ ನೆನಪಿರಲಿಲ್ಲ. ಹದಿನಾಲ್ಕನೆಯ ದಿನ ಎಲ್ಲರೂ ತಲೆಗೆ ಎಣ್ಣೆ ಹಾಕಿಕೊಂಡರು. ಬೈಂದೂರಿನ ಕಡೆಗೆ ಕೊಟ್ಟ ಅತ್ತಿಗೆ, ಇವರ ಅಕ್ಕ, ಮನೆಯನ್ನು ಶುದ್ಧ ಮಾಡುತ್ತಾ ಬಂದವರು ಹಿಂದಿನ ಜಗಲಿಯ ಗೂಡಿನಿಂದ ಗಟ್ಟಿಯನ್ನು ತೆಗೆದರು.

"ಇದೆಂತ?"

"ಕಾಲಿಗ್ ಹಚ್ಚುದ್, ಅತ್ಗಿ."

"ಇನ್ ನಿಂಗ್ ಇದೆಂತಕ್ಕೆ ಹೆಣೇ? ಒಂದ್ ವರ್ಷ ನೀ ಎಣ್ಣಿ, ತುಪ್ಪ ಮೈಗ್ ಮುಟ್ಸುಕಾಗ. ಅವ ಮೇಲಿನ್ ಲೋಕಕ್ಕೆ ಒಂದ್ ವರ್ಷ ನಡಿಕ್ ಅಲ್ದಾ? ನಿನ್ ಕಾಲಿಗ್ ಎಣ್ಣಿ ತಾಗ್ರೆ ಅವನ್ ದಾರಿ ಜಾರತ್ತ್."

ಹೇಳಿದವರು ಗಟ್ಟಿಯನ್ನು ಬಚ್ಚಲ ಒಲೆಗೆ ಹಾಕಿದರು. ಅದು ತುಂಬ ಚೆನ್ನಾಗಿ ಉರಿಯಿತು. ಅತ್ತೆ ಬಾಗಿಲ ಹತ್ತಿರ ಕೂತು ನೋಡುತ್ತಿದ್ದರು. ಒಂದು ಮಾತು ಆಡಲಿಲ್ಲ. ನನಗೆ ಉತ್ತರಗಳು ಹೊಳೆಯುವುದು ಮೂರು ದಿನ ತಡವಾಗಿ, ಪಾತ್ರೆ ತಿಕ್ಕುವಾಗ. ಆ ಪಾತ್ರೆಗಳು ಎಷ್ಟು ಬುದ್ಧಿವಂತ ಉತ್ತರಗಳನ್ನು ಕೇಳಿಸಿಕೊಂಡಿವೆಯೋ.

ಕದ್ದು ಹಚ್ಚಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಡುಗೆಮನೆಯಲ್ಲಿ ತೆಂಗಿನೆಣ್ಣೆಯ ಭರಣಿ ನನ್ನ ಕೈಗೆ ಎಟುಕುವಲ್ಲೇ ಇತ್ತು. ಎರಡು ಸಲ ಬೆರಳು ಅದ್ದಿದ್ದೇನೆ. ಎರಡು ಸಲವೂ ಕಣ್ಣ ಮುಂದೆ ಒಂದು ದಾರಿ ಬಂತು. ಏರು ದಾರಿ, ಇವರು ಪಂಚೆ ಎತ್ತಿ ಕಟ್ಟಿಕೊಂಡು ಒಬ್ಬರೇ ಹತ್ತುತ್ತಿದ್ದಾರೆ. ಜಾರಿಬಿಟ್ಟರೆ? ಬೆರಳನ್ನು ಒಲೆಕಟ್ಟೆಗೆ ಒರೆಸಿದೆ. ನಂಬಿದ್ದೆನೇ ಎಂದು ಕೇಳಿದರೆ, ಇಲ್ಲ. ನಂಬದೆ ಇರುವ ಧೈರ್ಯವಿತ್ತೇ ಎಂದು ಕೇಳಿದರೆ, ಅದೂ ಇಲ್ಲ.

ಎಣ್ಣೆ ಬೇಡ ಎಂದರು. ಕಾಲು ಬೇಡ ಎಂದು ಯಾರೂ ಹೇಳಲಿಲ್ಲ. ನೀರು ಹೊರುವುದಕ್ಕೆ ಅದೇ ಕಾಲು, ಗದ್ದೆಯ ನೆಟ್ಟಿಗೆ ಅದೇ ಕಾಲು, ಸೊಪ್ಪು ತರುವುದಕ್ಕೆ ಅದೇ ಕಾಲು. ಮಳೆಗಾಲ ಹೇಗೋ ಕಳೆಯಿತು. ದೀಪಾವಳಿಯ ಎಣ್ಣೆಸ್ನಾನಕ್ಕೆ ಊರಿಗೆಲ್ಲ ನೀರು ಕಾಯುವ ಹೊಗೆ ಎದ್ದಿತು, ನಾನು ಬರೀ ತಣ್ಣೀರು ಹೊಯ್ದುಕೊಂಡೆ. ಆಮೇಲೆ ಘಟ್ಟದ ಗಾಳಿ ಬೀಸಿತು. ಕೈಯ ಚರ್ಮ ಸುಲಿಯಿತು. ಬೆರಳಿನ ಸಂದಿಯಲ್ಲಿ ಸೀಳು ಬಂದು ಉಪ್ಪು, ಮೆಣಸು ಮುಟ್ಟುವ ಹಾಗಿರಲಿಲ್ಲ. ಹಿಮ್ಮಡಿಯ ಒಡಕಿನಲ್ಲಿ ಅಕ್ಕಿಯ ಕಾಳು ನಿಲ್ಲಿಸಬಹುದಿತ್ತು. ಆದರೂ ದಿನ ಎಣಿಸಿದೆ. ಅವರು ತಲುಪುವವರೆಗೆ ತಡೆದುಕೊಳ್ಳಬೇಕು, ಅಷ್ಟೇ.

ವರ್ಷಾಂತಿಕದ ದಿನ ಬಂತು. ಕ್ರಿಯೆ ಮಾಡಲು ಮೈದುನ ಬೊಂಬಾಯಿಯಿಂದ ಬಂದ, ಅತ್ತಿಗೆ ಬೈಂದೂರಿನಿಂದ ಬಂದರು. ಬೆಳಿಗ್ಗೆ ನಾನೇ ಚಾವಡಿಯ ನೆಲವನ್ನು ಸೆಗಣಿ ಹಾಕಿ ಸಾರಿಸಿದ್ದೆ. ಅದು ಆರಿದ ಮೇಲೆ ಮಣೆ ಇಡಲು ನಡೆದುಕೊಂಡು ಹೋದೆ. ಹಿಂದಿನಿಂದ ಅತ್ತಿಗೆಯ ಕೂಗು.

"ಅಯ್ಯಯ್ಯೋ, ನೆತ್ರ್! ಶ್ರಾದ್ಧದ್ ನೆಲಕ್ಕೆ ನೆತ್ರ್! ಕಣ್ ಕಾಣುದಿಲ್ಯಾ ನಿಂಗೆ?"

ತಿರುಗಿ ನೋಡಿದೆ. ಬಾಗಿಲಿನಿಂದ ನಾನು ನಿಂತಲ್ಲಿಯವರೆಗೆ ಒಂದೊಂದು ಹೆಜ್ಜೆಗೂ ಒಂದೊಂದು ಕೆಂಪು ಬೊಟ್ಟು.

"ಇಡೀ ಮತ್ತೆ ಸಾರ್ಸ್ಕ್. ಬಟ್ರ್ ಬಪ್ಪು ಹೊತ್ತಾಯ್ತ್. ಏಳ್, ಸೆಗಣಿ ತಾ."

ಏಳು ಎಂದರು, ಏಕೆಂದರೆ ನಾನು ಆಗಲೇ ಕೂತಿದ್ದೆ. ಚಾವಡಿಯ ನಡುವೆ, ಕಾಲು ಎರಡನ್ನೂ ಮುಂದೆ ಚಾಚಿ, ಎಲ್ಲರಿಗೂ ಹಿಮ್ಮಡಿ ಕಾಣುವ ಹಾಗೆ.

"ನಾ ಏಳುದಿಲ್ಲೆ. ಎಣ್ಣಿ ತಂದ್ಕೊಡಿ. ಹಚ್ಕಂಡೇ ಏಳುದ್."

"ಎಂತ ಹೇಳ್ತೆ ನೀನ್? ಇವತ್ತೊಂದ್ ದಿನ ತಡ್ಕಂಬುಕೆ ಆತಿಲ್ಯಾ? ಕಡಿ ಗಳ್ಗೆಯಂಗೆ ಅವನ್ ದಾರಿ ಜಾರ್ಸ್ತ್ಯಾ?"

ಅಂದು ಮಾತ್ರ ನನಗೆ ಉತ್ತರ ಹೊತ್ತಿಗೆ ಸರಿಯಾಗಿ ಬಂತು. "ಅವ್ರ್ ಅಡ್ಗಿಯವ್ರ್, ಅತ್ಗಿ. ಇಪ್ಪತ್ತ್ ವರ್ಷ ಎಣ್ಣಿ ಚೆಲ್ಲಿದ್ ನೆಲದಂಗೇ ನಡ್ದವ್ರ್. ಕೊಪ್ಪರ್ಗಿ ಹೊತ್ಕಂಡ್ ನಡ್ದವ್ರ್. ಅವ್ರ್ ಜಾರುದಿಲ್ಲೆ."

ಮೈದುನ ತಲೆ ತಗ್ಗಿಸಿದ. "ಅಕ್ಕ, ತಂದ್ಕೊಡ್ ಅಕ್ಕ," ಅಂದ. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದರು. ಗೋಡೆ ಹಿಡಿದುಕೊಂಡು ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳದ ಸದ್ದು ಕೇಳಿತು. ಹೊರಗೆ ಬಂದವರು ಬಾಳೆಯ ಒಣ ಎಲೆಯಲ್ಲಿ ಸುತ್ತಿದ್ದ ಒಂದು ಪೊಟ್ಟಣವನ್ನು ನನ್ನ ಕಾಲಿನ ಹತ್ತಿರ ಇಟ್ಟರು. ಬಿಡಿಸಿದೆ. ಮುರುಗಲ ತುಪ್ಪದ ಗಟ್ಟಿ. ಅರ್ಧ ಸವೆದಿತ್ತು. ಮೇಲೆ ಬೆರಳಿನ ಗುರುತು.

"ಅಮ್ಮ, ಇದೆಲ್ಲಿತ್ತ್?" ಅತ್ತಿಗೆ ಕೇಳಿದರು.

"ನನ್ ಪೆಟ್ಗಿಯಂಗೆ."

"ನೀ ಹಚ್ಕಂತ್ಯಾ? ನೀನಾ?"

"ಕಾಲ್ ಒಡದ್ರೆ ಎಂತ ಮಾಡ್ಕ್? ಅವನೇ ಮಾಡಿ ಕೊಡ್ತಿದ್ದ, ವರ್ಷ ವರ್ಷವೂ. ಯಾರಿಗೂ ಹೇಳ್ಬ್ಯಾಡ ಅಂದಿದ್ದೆ."

ಅತ್ತೆ ವಿಧವೆಯಾಗಿ ಮೂವತ್ತು ವರ್ಷದ ಮೇಲಾಗಿತ್ತು. ವರ್ಷ ಕಳೆದ ಮೇಲೂ ವಿಧವೆಯರು ಮೈ ಮೆತ್ತಗೆ ಮಾಡಿಕೊಳ್ಳುವುದನ್ನು ನಮ್ಮಲ್ಲಿ ಮೆಚ್ಚುವುದಿಲ್ಲ. ನಾನು ಗಟ್ಟಿಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಎಲ್ಲರೂ ನೋಡುತ್ತಿರುವಂತೆಯೇ ಒಡಕಿಗೆ ತುಂಬಿದೆ. ಒಂದು ಕಾಲು, ಮತ್ತೊಂದು ಕಾಲು. ಅವಸರ ಮಾಡಲಿಲ್ಲ. ಪುರೋಹಿತರು ಅಂಗಳದಲ್ಲಿ ಕಾಲು ತೊಳೆದು ನಿಂತಿದ್ದರು. ಅತ್ತಿಗೆಯೇ ಸೀರೆ ಎತ್ತಿ ಕಟ್ಟಿ ನೆಲ ಸಾರಿಸಿದರು.

ಈ ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕು, ಅತ್ತೆ ಸೊಸೆ ತಬ್ಬಿಕೊಂಡು ಅಳಬೇಕು. ನನಗೆ ಹಾಗಾಗಲಿಲ್ಲ. ಅಂದು ಶುರುವಾದ ಸಿಟ್ಟು ಹಿಂದಿನದಕ್ಕಿಂತ ದೊಡ್ಡದು. ಅತ್ತಿಗೆ ತಿಳಿಯದೆ ಮಾಡಿದರು. ಅವರು ಹೇಳಿದ್ದನ್ನು ಅವರು ನಂಬಿದ್ದರು. ಅತ್ತೆ? ಆ ವರ್ಷವಿಡೀ ಅವರು ಹಚ್ಚಿಕೊಂಡಿದ್ದರು, ಹೋದವರು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗ, ಯಾರ ದಾರಿಯೂ ಜಾರಲಿಲ್ಲ. ನಾನು ಬಾವಿಕಟ್ಟೆಯಿಂದ ಕುಂಟುತ್ತಾ ಬರುವುದನ್ನು ಬಾಗಿಲಲ್ಲಿ ಕೂತು ದಿನವೂ ನೋಡಿದರು. ಸಂಜೆ ನಾನೇ ಅವರಿಗೆ ನೀರು ಕೊಡುತ್ತಿದ್ದೆ. ಒಂದು ಮಾತು ಹೇಳಲಿಲ್ಲ.

ವಾರದ ಮೇಲೆ, ಮನೆ ಖಾಲಿಯಾದಾಗ ಕೇಳಿದೆ. "ಎಂತಕ್ಕೆ ಹೇಳ್ಲಿಲ್ಲೆ ನೀವ್?"

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ನನ್ ಹತ್ರ ಯಾರ್ ಹೇಳಿರ್ ಹೆಣೇ? ನಾನೂ ಮೊದ್ಲ್ ಎಂಟ್ ವರ್ಷ ಕಾಲಿಗ್ ಎಂತದೂ ಹಚ್ಲಿಲ್ಲೆ."

ಮೂರು ದಿನ ಪಾತ್ರೆ ತಿಕ್ಕಿದರೂ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಇವರ ಮೇಲೂ ಸಿಟ್ಟು ಉಳಿದಿದೆ. ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಇಬ್ಬರು ಹೆಂಗಸರ ಕಾಲಿಗೆ ಮದ್ದು ಮಾಡಿಕೊಟ್ಟು, ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರನ್ನು ಕಾಪಾಡಿದರು. ಮರ್ಯಾದೆ ಉಳಿಸಿದೆ ಅಂದುಕೊಂಡಿರಬೇಕು. ಅಷ್ಟು ಮೆತ್ತಗಿನ ಮನುಷ್ಯ. ಕೊಕ್ಕರ್ಣೆಯಲ್ಲೂ ಯಾರಿಗೂ ತೊಂದರೆ ಕೊಡದೆ ಹಾಗೇ ಹೋದರು. ಒಮ್ಮೆಯಾದರೂ ಗಟ್ಟಿಯಾಗಿ ಕೂಗಿದ್ದರೆ ಏನಾಗುತ್ತಿತ್ತು?

ಇದೆಲ್ಲ ಆಗಿ ಈಗ ಎರಡು ವರ್ಷ. ಬೇಸಿಗೆಯಲ್ಲಿ ನಾನೇ ಬಸ್ಸು ಹತ್ತಿ ಕೆರಾಡಿಗೆ ಹೋಗಿ ಬೀಜ ತರುತ್ತೇನೆ. ಅಂಗಳದಲ್ಲೇ ಒಲೆ ಹೂಡಿ, ಹಾದುಹೋಗುವವರಿಗೆಲ್ಲ ಕಾಣುವ ಹಾಗೆ ಕುದಿಸುತ್ತೇನೆ. ಹೊಗೆ ಕಂಡು ಯಾರಾದರೂ ಎಂತ ಎಂದು ಕೇಳಿದರೆ ಕಾಲಿಗೆ ಎಂದು ಜೋರಾಗಿ ಹೇಳುತ್ತೇನೆ. ಆಚೆ ಮನೆಯ ಇಬ್ಬರು ಹೆಂಗಸರು ಒಂದೊಂದು ಗಟ್ಟಿ ಸೆರಗಿನಡಿ ಇಟ್ಟುಕೊಂಡು ಹೋದರು; ಸೆರಗಿನಡಿ ಯಾಕೆ ಎಂದು ಅವರಿಗೂ ಬೈದೆ. ಅತ್ತೆ ಮತ್ತು ನಾನು ಮುಂದಿನ ಜಗಲಿಯಲ್ಲಿ ಕೂತು ಹಚ್ಚಿಕೊಳ್ಳುತ್ತೇವೆ. ಅವರ ಕಾಲಿಗೆ ಅವರು, ನನ್ನ ಕಾಲಿಗೆ ನಾನು. ಮಾತು ಕಡಿಮೆ.

ನನ್ನ ಹಿಮ್ಮಡಿ ಈಗ ಒಡೆಯುವುದಿಲ್ಲ. ಕೈಯೂ ಮೆತ್ತಗಿದೆ. ಸಿಟ್ಟು ಬಂದಾಗ ನನ್ನನ್ನು ನಗಿಸುವವರು ಇಲ್ಲ.